ಕೊಡ ನೋಡಿ ಸುತ್ತಿದ ಸಿಂಬಿ

ಮನೆ ಪಾಲಾಗುತ್ತಿದೆ ಎಂದು ಅಪ್ಪ ಫೋನ್ ಮಾಡಿದಾಗ ನಾನು ಲ್ಯಾಬಿನಲ್ಲಿ ಒಂದು ಸೋಡಿಯಂ ಅಯಾನಿನ ಮೇಲೆ ಸಿಟ್ಟು ಮಾಡಿಕೊಂಡು ಕೂತಿದ್ದೆ. "ಶನಿವಾರ ಬಂದ್ಬಿಡು ಮಗ. ಊರಿನ ನಾಲ್ಕು ಜನ ಹಿರೀಕರು ಬರ್ತಾರೆ. ಹೆಣ್ಮಕ್ಕಳ ಸಹೀನೂ ಬೇಕಂತೆ" ಅಂದರು. ಅಪ್ಪನ ದನಿಯಲ್ಲಿ ಸಿಟ್ಟೂ ಇರಲಿಲ್ಲ, ದುಃಖವೂ ಇರಲಿಲ್ಲ. ಹೊಗೆಸೊಪ್ಪಿನ ಹರಾಜಿನಲ್ಲಿ ಈ ಸಲ ಇಷ್ಟು ಸಿಕ್ಕಿತು ಎಂದು ಹೇಳುವ ದನಿಯಲ್ಲೇ ಹೇಳಿದರು. ಸರಿ ಎಂದು ಫೋನಿಟ್ಟು ಮತ್ತೆ ಕಂಪ್ಯೂಟರಿನ ಪರದೆ ನೋಡಿದೆ. ಅಲ್ಲಿ ನಾನು ಮೂರು ವರ್ಷದಿಂದ ಕಟ್ಟಲು ಹೆಣಗುತ್ತಿದ್ದ ಉಂಗುರವಿತ್ತು. ಅದರ ನಡುವೆ, ನಾನು ಕರೆಯದೆ ಬಂದ ಸೋಡಿಯಂ ಕೂತಿತ್ತು.

ನನ್ನ ಕೆಲಸದ ಬಗ್ಗೆ ಊರಿನಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ. ನಮ್ಮದು ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿ. ಮಗಳು ಬೆಂಗಳೂರಿನಲ್ಲಿ ಉಂಗುರದ ಮೇಲೆ ಏನೋ ಓದುತ್ತಿದ್ದಾಳೆ ಎಂದು ಅವ್ವ ಯಾರಿಗೋ ಹೇಳಿದ್ದೇ ತಡ, ನಾನು ಒಡವೆ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ ಎಂದು ಸುದ್ದಿಯಾಯಿತು. ಮೇಕಿಂಗ್ ಚಾರ್ಜು ಎಷ್ಟು ಎಂದು ಕೇಳಿದವರೂ ಇದ್ದಾರೆ. ನಾನು ಮಾಡುವ ಉಂಗುರ ಬೆರಳಿಗೆ ಹೋಗುವುದಿಲ್ಲ. ಅದರ ಅಗಲ ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದೆರಡು ಪಾಲು. ಅದು ತೊಡುವುದು ಅಯಾನಿಗೆ, ಅಂದರೆ ಒಂದೋ ಎರಡೋ ಎಲೆಕ್ಟ್ರಾನು ಕಳೆದುಕೊಂಡು ಧನ ವಿದ್ಯುದಂಶ ಹೊತ್ತ ಪರಮಾಣುವಿಗೆ. ಉಂಗುರವನ್ನು ನಾವು ಆತಿಥೇಯ ಎನ್ನುತ್ತೇವೆ, ಒಳಗೆ ಬಂದು ಕೂರುವ ಅಯಾನನ್ನು ಅತಿಥಿ. ಹೋಸ್ಟ್ ಮತ್ತು ಗೆಸ್ಟ್. ರಸಾಯನಶಾಸ್ತ್ರದಲ್ಲಿ ಇಷ್ಟು ಮನೆಮಾತಿನ ಹೆಸರುಗಳು ಕಡಿಮೆ.

ಈ ಕಥೆ ಶುರುವಾದದ್ದು ಒಂದು ಕಲಬೆರಕೆಯಿಂದ. ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ಚಾರ್ಲ್ಸ್ ಪೆಡರ್ಸನ್ ಎಂಬ ರಸಾಯನಶಾಸ್ತ್ರಜ್ಞರಿದ್ದರು. ಹುಟ್ಟಿದ್ದು ಕೊರಿಯಾದಲ್ಲಿ. ವೆನೇಡಿಯಂ ಹಿಡಿಯುವ ಒಂದು ಸಂಯುಕ್ತ ಮಾಡಲು ಹೊರಟಿದ್ದರು. ತೆಗೆದುಕೊಂಡ ಕಚ್ಚಾ ಪದಾರ್ಥ ಪೂರ್ತಿ ಶುದ್ಧವಾಗಿರಲಿಲ್ಲ. ಕೊನೆಗೆ ಅವರ ಕೈಗೆ ರೇಷ್ಮೆ ಎಳೆಯಂಥ ಒಂದಿಷ್ಟು ಬಿಳಿ ಹರಳು ಸಿಕ್ಕಿತು. ಇಳುವರಿ ಶೇಕಡಾ 0.4. ಇನ್ನೊಬ್ಬರಾಗಿದ್ದರೆ ಸಿಂಕಿಗೆ ಸುರಿದು ಕೈ ತೊಳೆದುಕೊಳ್ಳುತ್ತಿದ್ದರು. ಪೆಡರ್ಸನ್ ಎತ್ತಿಟ್ಟುಕೊಂಡು ನೋಡಿದರು. ಮೆಥನಾಲಿನಲ್ಲಿ ಸರಿಯಾಗಿ ಕರಗದ ಆ ಹರಳು ಸೋಡಿಯಂ ಲವಣ ಹಾಕಿದ ಕೂಡಲೇ ಕರಗುತ್ತಿತ್ತು. ಇಂಗಾಲ ಮತ್ತು ಆಮ್ಲಜನಕಗಳು ಸುತ್ತಿಕೊಂಡ ಉಂಗುರ ಅದು. ನಡುವಿನ ತೂತಿನಲ್ಲಿ ಸೋಡಿಯಂ ಹೋಗಿ ಕೂರುತ್ತಿತ್ತು. ಲೋಹದ ತಲೆಗೆ ಕಿರೀಟ ಇಟ್ಟ ಹಾಗೆ ಕಂಡದ್ದರಿಂದ ಕ್ರೌನ್ ಈಥರ್ ಎಂದು ಹೆಸರಾಯಿತು. 1967ರಲ್ಲಿ ಪ್ರಬಂಧ ಪ್ರಕಟವಾಯಿತು, 1987ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಂತು. ಪಿಎಚ್‌.ಡಿ. ಮಾಡುತ್ತಿರುವವರಿಗೆ ಇದನ್ನು ಹೇಳಬಾರದು, ಆದರೂ ಹೇಳುತ್ತೇನೆ: ಪೆಡರ್ಸನ್ ಪಿಎಚ್‌.ಡಿ. ಮಾಡಿರಲಿಲ್ಲ.

ಅವರ ಉಂಗುರದಲ್ಲಿ ಲೋಹ ಇರಲಿಲ್ಲ. ಲೋಹ ಬರೀ ಅತಿಥಿ. ಉಂಗುರವನ್ನೇ ಲೋಹದಲ್ಲಿ ಕಟ್ಟಿದವರು ಮಿಶಿಗನ್ ವಿಶ್ವವಿದ್ಯಾಲಯದ ವಿನ್ಸೆಂಟ್ ಪೆಕೊರಾರೊ ಮತ್ತು ಅವರ ಜೊತೆಗಿದ್ದ ಮ್ಯುಂಗ್ ಸೂ ಲಾ. ಪೆಡರ್ಸನ್ ತೀರಿಕೊಂಡ ವರ್ಷವೇ, 1989ರಲ್ಲಿ. ಕ್ರೌನ್ ಈಥರಿನಲ್ಲಿ ಇಂಗಾಲ, ಇಂಗಾಲ, ಆಮ್ಲಜನಕ ಎಂದು ಸುತ್ತು ಹೋಗುತ್ತದೆ. ಇವರದರಲ್ಲಿ ಮ್ಯಾಂಗನೀಸ್, ಸಾರಜನಕ, ಆಮ್ಲಜನಕ. ಈ ಮೂರೂ ನಾಲ್ಕು ಸಲ ಬಂದರೆ ಹನ್ನೆರಡು ಪರಮಾಣುಗಳ ಉಂಗುರ. ನಾಲ್ಕು ಆಮ್ಲಜನಕಗಳೂ ಒಳಕ್ಕೆ ಮುಖ ಮಾಡಿರುತ್ತವೆ. ನಡುವೆ ಅತಿಥಿಯಾಗಿ ಇನ್ನೊಂದು ಮ್ಯಾಂಗನೀಸ್. ಇಂಥ ಉಂಗುರಗಳಿಗೆ ಮೆಟಲಾಕ್ರೌನ್ ಎಂದು ಹೆಸರು.

ನನಗೆ ಮಾತ್ರ ಅದು ಕಿರೀಟವಾಗಿ ಕಾಣಲಿಲ್ಲ. ಚಿತ್ರ ಮೊದಲ ಸಲ ನೋಡಿದಾಗಲೇ ಸಿಂಬಿ ಅಂದುಕೊಂಡೆ. ನಲ್ಲಿ ನೀರಿನ ಕಾಲದಲ್ಲಿ ಹುಟ್ಟಿದವರಿಗೆ ಹೇಳಬೇಕು: ತಲೆಯ ಮೇಲೆ ಕೊಡ ಹೊರುವಾಗ ಕೆಳಗೆ ಇಟ್ಟುಕೊಳ್ಳುವ, ಹಳೇ ಸೀರೆಯದೋ ಹುಲ್ಲಿನದೋ ಬಳೆಯಾಕಾರದ ಸುತ್ತು ಸಿಂಬಿ. ತಳ ದುಂಡಗಿರುವ ಮಡಕೆಗಳನ್ನು ನೆಲದ ಮೇಲೆ ನಿಲ್ಲಿಸುವುದಕ್ಕೂ ಅದೇ ಬೇಕು. ಆ ಮೊದಲ ಮೆಟಲಾಕ್ರೌನಿನಲ್ಲಿ ನಡುವಿನ ಮ್ಯಾಂಗನೀಸ್ ತೂತಿಗಿಂತ ಸ್ವಲ್ಪ ದೊಡ್ಡದು. ಆದ್ದರಿಂದ ಅದು ಉಂಗುರದ ಸಮಕ್ಕೆ ಇಳಿಯದೆ ಒಂಚೂರು ಮೇಲೆ ಕೂರುತ್ತದೆ. ಥೇಟ್ ಸಿಂಬಿಯ ಮೇಲಿನ ಕೊಡ.

ಅಜ್ಜಿಯ ನೆನಪಾಗಲು ಇನ್ನೊಂದು ಕಾರಣವೂ ಇದೆ. ಉಂಗುರ ಕಟ್ಟಲು ಬೇಕಾದ ಸ್ಯಾಲಿಸಿಲ್‌ಹೈಡ್ರಾಕ್ಸಾಮಿಕ್ ಆಮ್ಲವನ್ನು ನಾನೇ ಮಾಡಿಕೊಳ್ಳುತ್ತೇನೆ. ಅದಕ್ಕೆ ಮೀಥೈಲ್ ಸ್ಯಾಲಿಸಿಲೇಟ್ ಬೇಕು. ಆ ಬಾಟಲಿ ತೆರೆದರೆ ಲ್ಯಾಬು ತುಂಬ ನೋವಿನ ಮುಲಾಮಿನ ವಾಸನೆ, ಏಕೆಂದರೆ ಕೀಲುನೋವಿಗೆ ತಿಕ್ಕುವ ಎಷ್ಟೋ ಮುಲಾಮುಗಳಲ್ಲಿ ಇರುವುದು ಅದೇ. ನಲವತ್ತು ವರ್ಷ ತಲೆಮೇಲೆ ನೀರು ಹೊತ್ತ ನಮ್ಮಜ್ಜಿ ರಾತ್ರಿ ಮಂಡಿಗೆ ತಿಕ್ಕಿಕೊಂಡು ಮಲಗುತ್ತಿದ್ದಾಗ ಪಕ್ಕದಲ್ಲಿ ಮಲಗಿದ್ದ ನನಗೆ ಹತ್ತುತ್ತಿದ್ದ ವಾಸನೆ.

ಶನಿವಾರ ಬೆಳಗಿನ ಜಾವದ ಬಸ್ಸು ಹಿಡಿದೆ. ಚನ್ನರಾಯಪಟ್ಟಣದಲ್ಲಿ ಇಳಿದು ಹೊಳೆನರಸೀಪುರದ ಬಸ್ಸಿಗೆ ಕಾಯುತ್ತ ಕೂತಾಗ ಬಿ.ಎಸ್ಸಿ. ದಿನಗಳ ಒಂದು ಪ್ರವಾಸ ನೆನಪಾಯಿತು. ಹಾಸನದಲ್ಲಿ ಓದುವಾಗ ನಮ್ಮನ್ನು ಇದೇ ತಾಲ್ಲೂಕಿನ ಬೈರಾಪುರದ ಕ್ರೋಮೈಟ್ ಗಣಿಯ ಕಡೆಗೆ ಕರೆದುಕೊಂಡು ಹೋಗಿದ್ದರು. ನುಗ್ಗೇಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹ ದೇವಸ್ಥಾನ ನೋಡಿಕೊಂಡು, ಮಧ್ಯಾಹ್ನ ಗಣಿಯ ಹತ್ತಿರ. ಬಳಪದ ಕಲ್ಲಿನ ಶಿಲ್ಪ ನೋಡಿ ಬಂದ ಕಣ್ಣಿಗೆ ಆ ಅದಿರು ಏನೂ ಅನ್ನಿಸಲಿಲ್ಲ. ಕಪ್ಪು ಕಲ್ಲು, ಎತ್ತಿದರೆ ಗಾತ್ರಕ್ಕೆ ಮೀರಿದ ಭಾರ. ಒಂದು ಚೂರು ಬ್ಯಾಗಿಗೆ ಹಾಕಿಕೊಂಡೆ, ಎಲ್ಲಿ ಹೋಯಿತೋ ಗೊತ್ತಿಲ್ಲ.

ಆ ಕ್ರೋಮಿಯಂನಿಂದಲೂ ಉಂಗುರ ಕಟ್ಟುತ್ತಾರೆ ಎಂದು ತಿಳಿದದ್ದು ಪಿಎಚ್‌.ಡಿ.ಗೆ ಸೇರಿದ ಮೇಲೆ. ಎಂಟು ಕ್ರೋಮಿಯಂ ಅಯಾನುಗಳು ಸುತ್ತ ಕೂತ ಒಂದು ಚಕ್ರವಿದೆ. ಲೆಕ್ಕ ಮಾಡಿ ನೋಡಿ, ಚೆಂದವಿದೆ. ಒಂದೊಂದು ಕ್ರೋಮಿಯಂನದು ಮೂರು ಧನ, ಒಟ್ಟು 24. ಅವುಗಳನ್ನು ಬೆಸೆಯಲು 8 ಫ್ಲೋರೈಡು, 16 ಪಿವಲೇಟು, ಒಂದೊಂದರದು ಒಂದು ಋಣ, ಅದೂ 24. ಕೂಡಿ ಕಳೆದರೆ ಸೊನ್ನೆ. ಈ ಉಂಗುರಕ್ಕೆ ಯಾರ ಹಂಗೂ ಇಲ್ಲ. 2003ರಲ್ಲಿ ಮ್ಯಾಂಚೆಸ್ಟರಿನ ರಿಚರ್ಡ್ ವಿನ್‌ಪೆನಿಯವರ ತಂಡ ಒಂದು ಕ್ರೋಮಿಯಂನ ಜಾಗದಲ್ಲಿ ನಿಕಲ್ ಇರುವ ಚಕ್ರ ಮಾಡಿತು. ನಿಕಲ್‌ನದು ಎರಡೇ ಧನ. ಈಗ ಲೆಕ್ಕ 23, ಒಂದು ಕೊರತೆ. ಆ ಒಂದನ್ನು ತುಂಬಲು ಒಂದು ಅಮೋನಿಯಂ ಅಯಾನು ಬಂದು ಉಂಗುರದ ನಡುವೆ ಕೂರುತ್ತದೆ. ಬಂದು ಕೂರುತ್ತದೆ ಎನ್ನುವುದೂ ಪೂರ್ತಿ ಸರಿಯಲ್ಲ. ಅದರ ಸುತ್ತಲೇ ಉಂಗುರ ಕಟ್ಟಿಕೊಳ್ಳುತ್ತದೆ. ಕೊರತೆ ಇರುವ ಉಂಗುರವೇ ಅತಿಥಿಯನ್ನು ಇಟ್ಟುಕೊಳ್ಳುವುದು.

ಬಸ್ಸು ಹತ್ತಿದ ಮೇಲೆ ಮನಸ್ಸು ಮತ್ತೆ ಸೋಡಿಯಂ ಕಡೆಗೆ ಹೋಯಿತು. ನನಗೆ ಬೇಕಾಗಿದ್ದದ್ದು ಕ್ಯಾಲ್ಸಿಯಂ. ಗಿಡದ ಎಲೆಯೊಳಗೆ ನೀರನ್ನು ಒಡೆದು ಆಮ್ಲಜನಕ ಬಿಡುವ ಜಾಗದಲ್ಲಿ ನಾಲ್ಕು ಮ್ಯಾಂಗನೀಸ್ ಮತ್ತು ಒಂದು ಕ್ಯಾಲ್ಸಿಯಂ ಇವೆ. ಆಕಾರ ಬೇರೆ, ಆದರೆ ಅದೇ ಲೆಕ್ಕದ ಉಂಗುರವೊಂದನ್ನು ಕಟ್ಟಿ ಅದರ ಗುಣ ನೋಡಬೇಕು ಎನ್ನುವುದು ನನ್ನ ಯೋಜನೆ. ಹರಳು ಬರಲು ವಾರಗಟ್ಟಲೆ ಕಾಯಬೇಕು. ಬಂದವು, ಹೆಚ್ಚುಕಡಿಮೆ ಕಪ್ಪು ಅನ್ನಿಸುವ ಕಂದು ಹರಳು. ಇಳುವರಿ ಮಾತ್ರ ಯಾವಾಗಲೂ ಕಡಿಮೆ. ನನ್ನ ಹಣೆಬರಹ ಅಂದುಕೊಂಡೆ. ಎಕ್ಸ್-ರೇ ಮಾಡಿಸಿ, ನಡುವಿನ ಪರಮಾಣು ಕ್ಯಾಲ್ಸಿಯಂ ಎಂದು ಕಂಪ್ಯೂಟರಿಗೆ ಹೇಳಿ, ಚಿತ್ರ ಬರೆಸಿ, ವಿಭಾಗದ ಸೆಮಿನಾರಿನಲ್ಲಿ ತೋರಿಸಿಯೂಬಿಟ್ಟೆ. ಚಪ್ಪಾಳೆ ಬಿತ್ತು. ಅವತ್ತು ರಾತ್ರಿ ಅವ್ವನಿಗೆ ಫೋನ್ ಮಾಡಿ, ಇನ್ನು ಒಂದು ವರ್ಷ, ಮುಗಿಯಿತು ಅಂದೆ.

ಹತ್ತು ದಿನದ ನಂತರ ಲ್ಯಾಬಿನ ಸೀನಿಯರ್ ಒಬ್ಬರು ಅದೇ ಚಿತ್ರ ನೋಡುತ್ತ, "ನಡುವಿನ ಪರಮಾಣು ಯಾಕೆ ಇಷ್ಟು ಊದಿಕೊಂಡಿದೆ?" ಅಂದರು. ಎಕ್ಸ್-ರೇ ನೋಡುವುದು ಎಲೆಕ್ಟ್ರಾನುಗಳನ್ನು. ಕ್ಯಾಲ್ಸಿಯಂ ಅಯಾನಿನಲ್ಲಿ 18 ಎಲೆಕ್ಟ್ರಾನು, ಸೋಡಿಯಂ ಅಯಾನಿನಲ್ಲಿ 10. ಹತ್ತು ಇರುವ ಕಡೆ ಹದಿನೆಂಟು ಇದೆ ಎಂದು ನಾವು ಹಟ ಹಿಡಿದರೆ, ಕಂಪ್ಯೂಟರು ಆ ಪರಮಾಣುವನ್ನು ಬಲೂನಿನಂತೆ ಊದಿಸಿ ಲೆಕ್ಕ ಸರಿದೂಗಿಸುತ್ತದೆ. ಕೈ ನಡುಗುತ್ತಲೇ ಕ್ಯಾಲ್ಸಿಯಂ ಅಳಿಸಿ ಸೋಡಿಯಂ ಎಂದು ಬರೆದೆ. ಬಲೂನು ಇಳಿಯಿತು. ಎಲ್ಲ ಸರಿಹೋಯಿತು. ನನ್ನ ಮೂರು ವರ್ಷ ಬಿಟ್ಟು.

ಇವೆರಡು ಅಯಾನುಗಳ ಅಳತೆ ಹೆಚ್ಚುಕಡಿಮೆ ಒಂದೇ. ತ್ರಿಜ್ಯ ಸೋಡಿಯಂನದು 1.02 ಆಂಗ್‌ಸ್ಟ್ರಾಮ್, ಕ್ಯಾಲ್ಸಿಯಂನದು 1.00. ಸಿಂಬಿಯ ಮಟ್ಟಿಗೆ ಎರಡೂ ಒಂದೇ ಕೊಡ. ಸೋಡಿಯಂ ಎಲ್ಲಿಂದ ಬಂತು ಎಂದು ಹುಡುಕಿದರೆ ನನ್ನ ಕೈಯಿಂದಲೇ. ಮುಲಾಮಿನ ವಾಸನೆಯ ಆ ಎಣ್ಣೆಯಿಂದ ಆಮ್ಲ ಮಾಡುವಾಗ ಕಾಸ್ಟಿಕ್ ಸೋಡಾ ಹಾಕುತ್ತೇವೆ. ಆಮೇಲೆ ಚೆನ್ನಾಗಿ ತೊಳೆಯಬೇಕು. ಬೇಗ ಮುಗಿಸುವ ಆತುರದಲ್ಲಿ ನಾನು ತೊಳೆದದ್ದು ಸಾಲದು. ಇಳುವರಿ ಯಾಕೆ ಕಡಿಮೆಯಿತ್ತು ಎಂದೂ ಆಗ ಗೊತ್ತಾಯಿತು. ಉಳಿದಿದ್ದ ಸೋಡಿಯಂ ಎಷ್ಟೋ ಅಷ್ಟೇ ಉಂಗುರ.

ಮಾರ್ಗದರ್ಶಕರು ಬೈಯಲಿಲ್ಲ. "ಬುಧವಾರ ಸೆಮಿನಾರಿದೆ. ಏನು ಹೇಳಬೇಕೋ ಯೋಚನೆ ಮಾಡಿ" ಅಂದರು, ಅಷ್ಟೆ. ಎರಡು ದಾರಿ ಇತ್ತು. ತಪ್ಪಾಗಿತ್ತು ಎಂದು ಎಲ್ಲರ ಮುಂದೆ ಹೇಳುವುದು ಒಂದು. ಬೇರೆ ಯಾವುದೋ ವಿಷಯ ಮಾತಾಡಿ, ಆ ಹರಳಿನ ಸುದ್ದಿಯನ್ನೇ ಎತ್ತದೆ, ಜನ ಮರೆಯಲಿ ಎಂದು ಬಿಡುವುದು ಇನ್ನೊಂದು. ಫೆಲೋಶಿಪ್ಪಿಗೆ ಇನ್ನು ಒಂದೂಕಾಲು ವರ್ಷ ಉಳಿದಿರುವವಳಿಗೆ ಎರಡನೆಯದು ಅಷ್ಟು ಕೆಟ್ಟದಾಗಿ ಕಾಣುವುದಿಲ್ಲ.

ಹೊಳೆನರಸೀಪುರ ಬಂತು. ನಾನು ಪಿಯುಸಿ ಓದಿದ್ದು ಇಲ್ಲೇ. ಪ್ಲಾಟಿನಂ ತಂತಿಯ ತುದಿಗೆ ಲವಣ ಮೆತ್ತಿ ಬರ್ನರಿನ ಉರಿಗೆ ಹಿಡಿದರೆ ಕ್ಯಾಲ್ಸಿಯಂ ಇಟ್ಟಿಗೆ ಕೆಂಪು, ಸೋಡಿಯಂ ಕಡು ಹಳದಿ. ಎಲ್ಲೆಲ್ಲೂ ಒಂಚೂರು ಸೋಡಿಯಂ ಇದ್ದೇ ಇರುತ್ತದೆ, ಬೆರಳಿನ ಬೆವರಲ್ಲೂ. ಅದರ ಹಳದಿಗೆ ಮೋಸ ಹೋಗಬೇಡಿ ಎಂದು ಮೇಷ್ಟ್ರು ಹೇಳುತ್ತಿದ್ದರು. ಹದಿನೇಳನೇ ವಯಸ್ಸಿನಲ್ಲಿ ಕಲಿತದ್ದನ್ನು ಇಪ್ಪತ್ತೆಂಟಕ್ಕೆ ಮರೆತಿದ್ದೆ.

ಊರಿನ ಪಕ್ಕದಲ್ಲೇ ಹೇಮಾವತಿ. ಹೊಳೆ ನೋಡಿದರೆ ನನಗೆ ನೆನಪಾಗುವುದು ಮುಳುಗಡೆ ತಾತ.

ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿ ಮುಗಿದದ್ದು 1979ರಲ್ಲಿ. ಶೆಟ್ಟಿಹಳ್ಳಿಯ ಚರ್ಚಿನ ಫೋಟೋ ನೀವು ನೋಡಿರುತ್ತೀರಿ, ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳುವ ಆ ಮುರುಕು ಗೋಡೆಗಳು. ಚರ್ಚಿಗೆ ಫೋಟೋ ಇದೆ. ಅದರ ಸುತ್ತ ಮುಳುಗಿದ ಹಳ್ಳಿಗಳಿಗೆ, ಹೊಲಗಳಿಗೆ ಫೋಟೋ ಇಲ್ಲ. ಅಂಥ ಒಂದು ಹಳ್ಳಿಯಿಂದ ಹೊರಟವನು ಕೊಣನೂರು ಸಂತೆಯಲ್ಲಿ ನಮ್ಮ ತಾತನಿಗೆ ಸಿಕ್ಕಿದನಂತೆ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಒಂದು ಗಂಟು. ಹೊಗೆಸೊಪ್ಪು ಬೇಯಿಸುವ ಕಾಲ, ಆಳು ಬೇಕಾಗಿತ್ತು. ಹದಿನೈದು ದಿನಕ್ಕೆಂದು ಬಂದವನು ನಲವತ್ತು ವರ್ಷ ದಾಟಿ ಇದ್ದ. ನಮ್ಮ ನೆಂಟನಲ್ಲ. ಮದುವೆಯಿಲ್ಲ. ತಾತನನ್ನು ತಾತ ಎಂದು ಕರೆಯುತ್ತಿದ್ದ ನಾವು ಮಕ್ಕಳು ಇವನನ್ನು ಮುಳುಗಡೆ ತಾತ ಎಂದೆವು. ಅದು ಹೆಸರೇ ಆಗಿಹೋಯಿತು.

ನಮ್ಮದು ತೊಟ್ಟಿಮನೆ. ನಡುವೆ ಆಕಾಶ, ಸುತ್ತ ಪಡಸಾಲೆ, ಆಚೆ ಕೋಣೆಗಳು. ದೊಡ್ಡಪ್ಪನ ಸಂಸಾರ ಒಂದು ಕಡೆ, ನಮ್ಮದು ಒಂದು ಕಡೆ, ತಾತ ಹೋದ ಮೇಲೆ ಒಲೆಯೂ ಎರಡು. ಮುಳುಗಡೆ ತಾತ ಮಲಗುತ್ತಿದ್ದದ್ದು ತೊಟ್ಟಿಯ ಅಂಚಿನಲ್ಲಿ, ಎರಡು ಅಡಿಗೆಮನೆಯೂ ಕಾಣುವ ಜಾಗದಲ್ಲಿ. ಒಂದು ಹೊತ್ತು ಅಲ್ಲಿ, ಒಂದು ಹೊತ್ತು ಇಲ್ಲಿ ಉಣ್ಣುತ್ತಿದ್ದ. ಬ್ಯಾರನ್ನಿನಲ್ಲಿ ಸೊಪ್ಪು ಬೇಯುವಾಗ ವಾರವಿಡೀ ರಾತ್ರಿ ಎದ್ದು ಬೆಂಕಿ ನೋಡುತ್ತಿದ್ದ. ದೊಡ್ಡಪ್ಪ ಸಿಟ್ಟಿನಲ್ಲಿ ಅಂದ ಮಾತು ಅವನ ಮೂಲಕ ಅಪ್ಪನಿಗೆ ತಲುಪುವಷ್ಟರಲ್ಲಿ ಅರ್ಧ ಆರಿರುತ್ತಿತ್ತು. ಅವನಿಗೆ ಆಸ್ತಿಯಲ್ಲಿ ಪಾಲಿರಲಿಲ್ಲ. ಹಾಗಾಗಿ ಅವನ ಮಾತನ್ನು ಇಬ್ಬರೂ ಕೇಳುತ್ತಿದ್ದರು.

ಬಿಡುವಾದಾಗ ಸಿಂಬಿ ಸುತ್ತುತ್ತಿದ್ದ. ಭತ್ತದ ಹುಲ್ಲನ್ನು ನೀರು ಚಿಮುಕಿಸಿ ಮೆದು ಮಾಡಿ, ಹೊಸೆದು, ಸುತ್ತಿ, ಮೇಲೆ ನಾರಿನಿಂದ ಬಿಗಿಯುತ್ತಿದ್ದ. ನಾನು ಆರೇಳು ವರ್ಷದವಳಿದ್ದಾಗ ಒಂದು ಸಿಂಬಿ ಸುತ್ತಿಕೊಂಡು ಹೋಗಿ ತೋರಿಸಿದ್ದೆ. "ಯಾವ ಮಡಕೇಗೆ?" ಅಂದ. ಗೊತ್ತಿಲ್ಲ ಅಂದೆ. "ಕೊಡ ನೋಡ್ಕಂಡು ಸಿಂಬಿ ಸುತ್ತೋದು ಕಣ್ ಮಗ. ಸಿಂಬಿ ಮಾಡಿಟ್ಕಂಡು ಕೊಡ ಹುಡುಕ್ಕಂಡು ಹೋಗ್ತಾರಾ?"

ರಸಾಯನಶಾಸ್ತ್ರದಲ್ಲಿ ಇದಕ್ಕೆ ಟೆಂಪ್ಲೇಟ್ ಪರಿಣಾಮ ಎನ್ನುತ್ತಾರೆ. ಅತಿಥಿಯ ಸುತ್ತಲೇ ಆತಿಥೇಯ ರೂಪುಗೊಳ್ಳುವುದು. ತಾತನ ಮಾತು ನೆನಪಾಗಿ ನನಗೆ ಜ್ಞಾನೋದಯವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅದು ಪಠ್ಯಪುಸ್ತಕದಲ್ಲಿದೆ, ನಾನು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೇನೆ. ತಿಳಿದಿರುವುದು ಬೇರೆ, ತನ್ನ ಫ್ಲಾಸ್ಕಿನಲ್ಲಿ ಯಾರಿದ್ದಾರೆ ಎಂದು ನೋಡುವುದು ಬೇರೆ.

ಹಾಗೆ ನೋಡದೆ ಇದ್ದವಳು ನಾನೊಬ್ಬಳೇ ಅಲ್ಲ. ಫ್ರಾನ್ಸಿನ ಪ್ರೆಸ್ಲರ್ ಎಂಬುವರು 1970ರಲ್ಲಿ ಟಂಗ್‌ಸ್ಟನ್, ರಂಜಕ ಮತ್ತು ಆಮ್ಲಜನಕಗಳ ಒಂದು ದೊಡ್ಡ ಅಯಾನನ್ನು ವರದಿ ಮಾಡಿದರು. ಸೋಡಿಯಂ ಟಂಗ್‌ಸ್ಟೇಟಿಗೆ ಫಾಸ್ಫಾರಿಕ್ ಆಮ್ಲ ಸೇರಿಸಿ ಬಿಸಿ ಮಾಡಿದರೆ ಬರುವಂಥದ್ದು. ಹದಿನೈದು ವರ್ಷ ಅದರ ನಿಜ ರೂಪ ತಿಳಿಯಲಿಲ್ಲ. 1985ರಲ್ಲಿ ಮೈಕೆಲ್ ಪೋಪ್ ಮತ್ತು ಅವರ ಜೊತೆಗಾರರು ಎಕ್ಸ್-ರೇಯಲ್ಲಿ ನೋಡಿದರೆ, ಐದು ತುಂಡುಗಳು ಸುತ್ತ ಸೇರಿದ ಒಂದು ಉದ್ದಿನ ವಡೆ, ಐದು ರಂಜಕ, 30 ಟಂಗ್‌ಸ್ಟನ್. ತೂತಿನೊಳಗೆ ಒಂದು ಸೋಡಿಯಂ. ಅದು ಸರಿಯಾಗಿ ನಡುವೆಯೂ ಇಲ್ಲ, ಒಂದು ಬದಿಗೆ ಸರಿದು ಕೂತಿದೆ. ಸಾಧಾರಣ ಉಷ್ಣತೆಯಲ್ಲಿ ಅದನ್ನು ಎಬ್ಬಿಸಲಾಗುವುದಿಲ್ಲ. ಮುಚ್ಚಿದ ಪಾತ್ರೆಯಲ್ಲಿ, ಕುದಿಯುವ ನೀರಿಗಿಂತ ಹೆಚ್ಚಿನ ಕಾವಿನಲ್ಲಿ ಗಂಟೆಗಟ್ಟಲೆ ಇಟ್ಟರೆ ಮಾತ್ರ ಅದು ಎದ್ದು ಕ್ಯಾಲ್ಸಿಯಂಗೋ ಇನ್ನೊಂದಕ್ಕೋ ಜಾಗ ಬಿಡುತ್ತದೆ.

ಮುಳುಗಡೆ ತಾತ ತೀರಿಕೊಂಡು ಒಂದು ವರ್ಷವಾಗಿತ್ತು, ಅಷ್ಟರಲ್ಲಿ ಮನೆ ಪಾಲಿಗೆ ಬಂದಿತ್ತು. ಅವನಿದ್ದದ್ದರಿಂದಲೇ ಮನೆ ಒಂದಾಗಿತ್ತು ಎಂದು ನಾನು ಹೇಳುವುದಿಲ್ಲ. ಹೊಗೆಸೊಪ್ಪಿನ ಸಾಲ ಇತ್ತು, ಬೋರ್‌ವೆಲ್ಲಿನ ಜಗಳ ಇತ್ತು, ಮನುಷ್ಯರ ಲೆಕ್ಕ ಅಯಾನುಗಳ ಲೆಕ್ಕದಷ್ಟು ಸಲೀಸಲ್ಲ. ಅವನು ಹೋದ ಮೇಲೆ ಮಾತುಗಳು ಆರದೆ ನೇರವಾಗಿ ತಲುಪತೊಡಗಿದವು, ಅಷ್ಟು ಮಾತ್ರ ನಿಜ.

ನಾನು ಹೋಗುವಷ್ಟರಲ್ಲಿ ಪಡಸಾಲೆಯಲ್ಲಿ ಜಮಖಾನ ಹಾಸಿತ್ತು. ಹಿರೀಕರು ಕಾಫಿ ಕುಡಿಯುತ್ತಿದ್ದರು. ಗೋಡೆ ಎಲ್ಲಿ ಬರಬೇಕು ಎಂದು ಟೇಪು ಹಿಡಿದು ಅಳೆದರು. ತೊಟ್ಟಿಯ ನಡುವೆಯೇ ಬಂತು, ತಾತ ಮಲಗುತ್ತಿದ್ದ ಜಾಗದ ಮೇಲೆ ಹಾದು. ಯಾರೂ ಏನೂ ಅನ್ನಲಿಲ್ಲ. ಒಂದೊಂದೇ ಸಾಮಾನು ತಂದಿಟ್ಟರು. ಹಂಡೆ ಅವರಿಗೆ, ಕೊಪ್ಪರಿಗೆ ಇವರಿಗೆ. ಒರಳುಕಲ್ಲು ಕದಲಿಸಲಾಗದ್ದರಿಂದ ಅದು ಇದ್ದ ಕಡೆಗೇ ಸೇರಿತು. ಕೊನೆಗೆ ಅಟ್ಟದಿಂದ ಮಡಕೆಗಳು ಇಳಿದವು, ಅವುಗಳ ಜೊತೆಗೆ ಹಗ್ಗಕ್ಕೆ ಪೋಣಿಸಿಟ್ಟ ಸಿಂಬಿಗಳು, ಹದಿನಾರೋ ಹದಿನೇಳೋ. ಮಡಕೆಗಳನ್ನು ಎಣಿಸಿದರು. ಸಿಂಬಿಗಳನ್ನು ಯಾರೂ ಕೇಳಲಿಲ್ಲ.

ಮಧ್ಯಾಹ್ನ ಅಜ್ಜಿಯ ಪಕ್ಕ ಹೋಗಿ ಕೂತೆ. ಎಂಬತ್ತು ದಾಟಿದೆ, ಕಣ್ಣು ಮಂಜು, ಕಿವಿ ಚುರುಕು. "ಯಾಕ್ ಮಗ, ಸೊರಗೋಗಿದ್ದೀಯ?" ಅಂದಳು.

ಇವಳಿಗೆ ಹೇಗೆ ಹೇಳಲಿ ಎಂದು ಯೋಚಿಸಿ, ಹೇಗೆ ಬಂತೋ ಹಾಗೆ ಹೇಳಿದೆ. "ಒಂದು ಸಿಂಬಿ ಮಾಡಿದ್ದೆ ಕಣಜ್ಜಿ. ನಾನು ಕರೆದೋರು ಬರ್ಲಿಲ್ಲ. ಬೇರೆ ಯಾರೋ ಬಂದು ಕೂತವ್ರೆ. ಗೊತ್ತಾಗ್ದೆ, ಕರೆದೋರೇ ಬಂದವ್ರೆ ಅಂತ ಊರಿಗೆಲ್ಲ ಹೇಳ್ಬಿಟ್ಟಿದ್ದೀನಿ."

"ಬಂದೋರು ಗಟ್ಯಾಗಿ ಕೂತವ್ರಾ?"

"ಹೂಂ. ಏಳೋ ಹಂಗೇ ಇಲ್ಲ."

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ನನ್ನ ಮಾತು ಬಿಟ್ಟು ಬೇರೆ ಏನನ್ನೋ ಹೇಳತೊಡಗಿದಳು. ಮುಳುಗಡೆ ತಾತ ಬಂದು ಎಂಟು ವರ್ಷವಾದರೂ ರೇಷನ್ ಕಾರ್ಡಿನಲ್ಲಿ ಅವನ ಹೆಸರಿರಲಿಲ್ಲ. ನೆಂಟನೂ ಅಲ್ಲ, ಏನೆಂದು ಬರೆಸುವುದು? ಒಂದು ದಿನ ತಾತ ಅರಕಲಗೂಡಿಗೆ ಹೋಗಿ ಅವನ ಹೆಸರು ಸೇರಿಸಿಕೊಂಡೇ ಬಂದರಂತೆ. "ಏನಂತ ಬರೆಸಿದ್ರಿ ಅಂದೆ. ತಮ್ಮ ಅಂತ ಬರೆಸ್ದೆ ಅಂದ್ರು. ಮನೇಲಿರೋರ ಹೆಸ್ರು ಕಾರ್ಡ್ನಾಗಿರ್ಬೇಕು ಕಣ್ ಮಗ. ಕಾರ್ಡ್ನಾಗೆ ಒಂದು, ಮನೇಲಿ ಒಂದು ಇರ್ಬಾರ್ದು."

ಅದು ನನಗೆ ಕೊಟ್ಟ ಉತ್ತರವೋ, ಮುದುಕಿಯ ನೆನಪು ಹಾಗೇ ಅತ್ತ ಹರಿದದ್ದೋ, ಈಗಲೂ ಗೊತ್ತಿಲ್ಲ. ತಮ್ಮ ಎಂದು ಬರೆಸಿದ್ದೂ ಸುಳ್ಳೇ ಅಲ್ಲವೇ ಅಜ್ಜಿ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ.

ಸಂಜೆ ಪಾಲುಪತ್ರ ಓದಿದರು. ಮೂಡಲಿಗೆ ಇಂಥವರ ಹೊಲ, ಪಡುವಲಿಗೆ ಹಳ್ಳ ಎಂದು ಚೆಕ್ಕುಬಂದಿ ಬರೆದಿತ್ತು. ನಲವತ್ತು ವರ್ಷ ಬೆಂಕಿ ಕಾದವನ ಹೆಸರು ಎಲ್ಲೂ ಇರಲಿಲ್ಲ. ಇರುವ ಹಾಗೂ ಇರಲಿಲ್ಲ, ಕಾನೂನಿಗೆ ಅವನು ಏನೂ ಅಲ್ಲ. ನನ್ನ ಹೆಸರಿನ ಮುಂದೆ ಸಹಿ ಹಾಕಿದೆ. ಅಪ್ಪ ಮತ್ತು ದೊಡ್ಡಪ್ಪ ಅಕ್ಕಪಕ್ಕ ಕೂತು ಸಹಿ ಹಾಕಿದರು. ಎಷ್ಟೋ ತಿಂಗಳ ಮೇಲೆ ಅವರಿಬ್ಬರೂ ಅಷ್ಟು ಹತ್ತಿರ ಕೂತದ್ದು ಅವತ್ತೇ.

ಹೊರಡುವಾಗ ಹಗ್ಗದಿಂದ ಒಂದು ಸಿಂಬಿ ಬಿಚ್ಚಿಕೊಂಡು ಬ್ಯಾಗಿಗೆ ಹಾಕಿಕೊಂಡೆ. ಸಣ್ಣದು, ಮೊಸರಿನ ಮಡಕೆಗೆ ಸುತ್ತಿದ್ದು. ಅವ್ವ ನೋಡಿ, "ಅದ್ಯಾಕೆ?" ಅಂದಳು. ಬೇಕು ಅಂದೆ.

ಬುಧವಾರ ಸೆಮಿನಾರಿನ ಮೊದಲ ಸ್ಲೈಡಿನಲ್ಲಿ ಹಳೇ ಚಿತ್ರವನ್ನೂ ಹೊಸ ಚಿತ್ರವನ್ನೂ ಪಕ್ಕಪಕ್ಕ ಹಾಕಿದೆ. ಊದಿದ್ದು ಒಂದು, ಇಳಿದದ್ದು ಒಂದು. "ಕಳೆದ ಸಲ ನಾನು ಹೇಳಿದ್ದು ತಪ್ಪು. ಒಳಗಿರುವುದು ಸೋಡಿಯಂ" ಅಂದೆ. ದನಿ ಸ್ವಲ್ಪ ನಡುಗಿತು. ಎಲ್ಲಿಂದ ಬಂತು ಎಂದು ಒಬ್ಬರು ಕೇಳಿದರು. ತೊಳೆದದ್ದು ಸಾಲಲಿಲ್ಲ ಅಂದೆ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಈ ಸಲ ಚಪ್ಪಾಳೆ ಬೀಳಲಿಲ್ಲ. ಆದರೆ ಪ್ರಶ್ನೆಗಳು ಅರ್ಧ ಗಂಟೆ ನಡೆದವು, ಮೊದಲ ಸಲ ಒಂದೂ ಇರಲಿಲ್ಲ. ಸೋಡಿಯಂ ಇರುವ ಆ ಉಂಗುರವೂ ಪ್ರಬಂಧದ ಒಂದು ಅಧ್ಯಾಯವಾಗಬಹುದು ಎಂದು ಮಾರ್ಗದರ್ಶಕರು ಆಮೇಲೆ ಹೇಳಿದರು, ಅದರ ಸ್ವಂತ ಹೆಸರಿನಲ್ಲಿ.

ಈಗ ಮತ್ತೆ ಮೊದಲಿನಿಂದ ಶುರು ಮಾಡಿದ್ದೇನೆ. ಆಮ್ಲವನ್ನು ಎಷ್ಟು ಸಲ ತೊಳೆದೆನೆಂದರೆ ಲ್ಯಾಬಿನಲ್ಲಿ ನನಗೆ ಅಗಸಗಿತ್ತಿ ಎಂದು ಅಡ್ಡಹೆಸರು ಬಿದ್ದಿದೆ. ಬೆರಳಿನ ಬೆವರೂ ತಾಗದಂತೆ ಗ್ಲೌಸು. ಕ್ಯಾಲ್ಸಿಯಂ ಹಾಕಿದ ದ್ರಾವಣ ಕಪ್ಪಗೆ, ತಣ್ಣಗೆ, ಮೂರು ವಾರದಿಂದ ಅಲುಗದೆ ಕೂತಿದೆ. ಹರಳು ಬರುವುದೋ ಇಲ್ಲವೋ, ಬಂದರೆ ಒಳಗೆ ಯಾರಿರುತ್ತಾರೋ.

ತಳ ದುಂಡಗಿರುವ ಗಾಜಿನ ಫ್ಲಾಸ್ಕುಗಳನ್ನು ಮೇಜಿನ ಮೇಲೆ ನಿಲ್ಲಿಸಲು ಲ್ಯಾಬುಗಳಲ್ಲಿ ಕಾರ್ಕಿನ ಉಂಗುರ ಇರುತ್ತದೆ. ನಮ್ಮಲ್ಲಿ ಯಾವಾಗಲೂ ಅದು ಸಾಲದು. ಒಂದು ಲೀಟರಿನ ನನ್ನ ಫ್ಲಾಸ್ಕು ಹುಲ್ಲಿನ ಸಿಂಬಿಯ ಮೇಲೆ ಕೂತಿದೆ. ಬೆಂಕಿಯ ಹತ್ತಿರ ಇಡಬೇಡಿ ಎಂದು ಮಾರ್ಗದರ್ಶಕರು ಎಚ್ಚರಿಸಿದರು, ಅದೇನು ಎಂದು ಮಾತ್ರ ಕೇಳಲಿಲ್ಲ. ಮೊಸರಿನ ಮಡಕೆ ನೋಡಿ ಸುತ್ತಿದ್ದು. ಅಳತೆ ಸರಿಯಾಗಿದೆ.